ನೂರಾ ಹನ್ನೆರಡನೆಯ ಪುಟ

ಅವರ ಬಲಗೈಯ ತೋರುಬೆರಳಿಗೆ ಸದಾ ಒಂದು ಕೆಂಪು ರಬ್ಬರ್ ಟೊಪ್ಪಿಗೆ. ಬ್ಯಾಂಕಿನಲ್ಲಿ ನೋಟು ಎಣಿಸುವವರು ಹಾಕಿಕೊಳ್ಳುತ್ತಾರಲ್ಲ, ಮೈಯೆಲ್ಲ ಗುಳ್ಳೆ ಗುಳ್ಳೆ ಇರುವಂಥದ್ದು. ಪುಟ ತಿರುಗಿಸಲೆಂದು ಹಾಕಿಕೊಂಡದ್ದನ್ನು ತೆಗೆಯಲು ಮರೆತು ಅದೇ ಬೆರಳಿನಲ್ಲಿ ರಿಕ್ಷಾ ನಿಲ್ಲಿಸುತ್ತಿದ್ದರು, ಚಹಾದ ಲೋಟ ಹಿಡಿಯುತ್ತಿದ್ದರು. ಠಾಣೆ ಸ್ಟೇಷನ್ನಿನಲ್ಲಿ ಪನ್ವೇಲ್ ಲೋಕಲ್ ಬರುವ ಕಡೆಗೆ ಆ ಬೆರಳು ಚಾಚಿದರೆ ಸುತ್ತಲಿನವರು ಮೊದಲು ಬೆರಳು ನೋಡಿ ಆಮೇಲೆ ಗಾಡಿ ನೋಡುತ್ತಿದ್ದರು.

ಆಫೀಸಿನಲ್ಲಿ ಎಲ್ಲರಿಗೂ ಅವರು ಬರೀ ಸರ್. ಬಾಗಲಕೋಟೆ ಕಡೆಯವರು. ಠಾಣೆಯ ಒಂದು ಕಾಲೇಜಿನಲ್ಲಿ ಲೈಬ್ರರಿಯನ್ ಆಗಿ ಆಯುಷ್ಯ ಕಳೆದು, ನಿವೃತ್ತರಾದ ಮೇಲೆ ವರ್ತಕ ನಗರದಲ್ಲಿ ಮಗಳ ಮನೆಯಲ್ಲಿದ್ದರು. ನಾನು ಲೈಬ್ರರಿ ಸೈನ್ಸ್ ಓದಿ ಘನ್ಸೋಲಿಯ ಸಣ್ಣ ಆಫೀಸೊಂದನ್ನು ಸೇರಿದಾಗ ಅವರು ಅಲ್ಲಿಗೆ ವಾರಕ್ಕೆ ಮೂರು ದಿನ ಸಲಹೆಗಾರರಾಗಿ ಬರುತ್ತಿದ್ದರು. ನಮಗೆ ವಹಿಸಿದ್ದ ಕೆಲಸ ವಿಚಿತ್ರವಾದದ್ದು. ಹಲವು ದೇಶಗಳು ಸೇರಿ ನಡೆಸುವ ಒಂದು ಸಾಂಸ್ಕೃತಿಕ ಸಂಸ್ಥೆ, ತಾನು ಇಷ್ಟು ವರ್ಷ ಅಚ್ಚು ಹಾಕಿಸಿದ ಪುಸ್ತಕ, ವರದಿಗಳನ್ನು ಜಗತ್ತಿನ ವಿದ್ವಾಂಸರು ತಮ್ಮ ಬರಹಗಳಲ್ಲಿ ಎಲ್ಲೆಲ್ಲಿ, ಎಷ್ಟು ಸಲ ಉಲ್ಲೇಖಿಸಿದ್ದಾರೆ ಎಂದು ತಿಳಿಯಬಯಸಿತ್ತು. ಅಂದರೆ ನಾವು ಪ್ರಬಂಧ ಬಿಟ್ಟು ಅದರ ಅಡಿಟಿಪ್ಪಣಿ ಓದುವವರು. ಕಲ್ಯಾಣದ ಹೊಟೇಲೊಂದರಲ್ಲಿ ಮ್ಯಾನೇಜರಾಗಿದ್ದ ನನ್ನ ಅಪ್ಪನಿಗೆ ಇದನ್ನು ವಿವರಿಸಿದಾಗ, ಊಟ ಬಿಟ್ಟು ಬಾಳೆಲೆ ಎಣಿಸುವುದಕ್ಕೂ ಸಂಬಳ ಕೊಡುತ್ತಾರಾ ಎಂದು ಕೇಳಿದ್ದರು.

ಡೊಂಬಿವಿಲಿಯಲ್ಲಿ ಹುಟ್ಟಿದವಳಿಗೆ ತಾಳ್ಮೆ ಅಂದರೆ ಎರಡು ಲೋಕಲ್‌ಗಳ ನಡುವಿನ ನಾಲ್ಕು ನಿಮಿಷ. ಕೆಲಸಕ್ಕೆ ಸೇರಿದ ವಾರದಲ್ಲೇ ಕಂಪ್ಯೂಟರಿನಲ್ಲಿ ಸಂಸ್ಥೆಯ ಹೆಸರು ಹೊಡೆದು, ಬಂದ ಲೆಕ್ಕವನ್ನೆಲ್ಲ ಪಟ್ಟಿ ಮಾಡಿ ಅವರ ಮುಂದಿಟ್ಟೆ. ಶಹಭಾಸ್ ಸಿಗುತ್ತದೆಂದುಕೊಂಡಿದ್ದೆ. ಅವರು ಟೊಪ್ಪಿಗೆಯ ಬೆರಳನ್ನು ಮೊದಲ ಸಾಲಿನ ಮೇಲಿಟ್ಟು ಕೇಳಿದರು:

"ತಂಗಿ, ಎಣಸೂದು ಮಷೀನೂ ಎಣಸ್ತದ. ನೀ ಪುಟಾ ನೋಡಿದಿ ಏನು?"

ನೋಡಿರಲಿಲ್ಲ. ಆ ಸಂಸ್ಥೆಯ ಪುಸ್ತಕಗಳ ಮೇಲೆ ಬರೆದವರ ಹೆಸರೇ ಇರುವುದು ಕಡಿಮೆ. ಒಬ್ಬರು ಸಂಸ್ಥೆಯ ಪೂರ್ತಿ ಹೆಸರು ಹಾಕಿದರೆ ಇನ್ನೊಬ್ಬರು ಮೊದಲಕ್ಷರಗಳನ್ನಷ್ಟೇ ಹಾಕುತ್ತಾರೆ, ಮತ್ತೊಬ್ಬರು ಫ್ರೆಂಚಿನಲ್ಲಿ ಬರೆಯುತ್ತಾರೆ. ಮಷೀನಿಗೆ ಇವರೆಲ್ಲ ಬೇರೆ ಬೇರೆ. ರೇಷನ್ ಕಾರ್ಡಿನಲ್ಲಿ ಒಂದು ಹೆಸರು, ಮನೆಯಲ್ಲಿ ಒಂದು ಹೆಸರು, ಓಣಿಯಲ್ಲಿ ಇನ್ನೊಂದು, ಆದರೆ ಮನುಷ್ಯ ಒಬ್ಬನೇ ಅಲ್ಲವೇ ಎಂದು ಸರ್ ತಿಳಿಸಿ ಹೇಳಿದರು. ಅಂದಿನಿಂದ ಅವರ ನಿಯಮವೇ ನನ್ನ ನಿಯಮವಾಯಿತು. ಉಲ್ಲೇಖಿಸಿದ ಪ್ರಬಂಧವನ್ನು ತೆರೆದು ನೋಡಬೇಕು, ಅದು ತೋರಿಸುವ ಮೂಲ ಪುಸ್ತಕದ ಪುಟವನ್ನೂ ತೆರೆದು ನೋಡಬೇಕು, ಆಮೇಲೆ ಒಂದು ಎಂದು ಎಣಿಸಬೇಕು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಅವರ ರಕ್ತದಲ್ಲೇ ಇತ್ತು. ಸ್ಟೇಷನ್ನಿನಲ್ಲಿ ಅನೌನ್ಸ್‌ಮೆಂಟ್ ಕೇಳಿ ಗಾಡಿ ಹತ್ತುವ ಜನ ಅವರಲ್ಲ. ಇಂಡಿಕೇಟರ್ ನೋಡಬೇಕು, ಗಾಡಿಯ ಹಣೆಯ ಮೇಲಿನ ಬೋರ್ಡು ನೋಡಬೇಕು, ಅದರ ಮೇಲೆ ಬಾಗಿಲಲ್ಲಿ ನಿಂತ ಯಾರನ್ನಾದರೂ ವಾಶಿಯೋ ಪನ್ವೇಲೋ ಎಂದು ಕೇಳಬೇಕು. ಅಷ್ಟರಲ್ಲಿ ಗಾಡಿ ಹೊರಟೇ ಹೋಗುತ್ತಿತ್ತು. ನಾನು ಸಿಡಿಮಿಡಿಗೊಂಡು ನಿಂತರೆ ಡಬ್ಬಿ ತೆರೆದು ರೊಟ್ಟಿಯ ಚೂರಿಗೆ ಶೇಂಗಾ ಚಟ್ನಿ ಹಚ್ಚಿ ಕೊಡುತ್ತಿದ್ದರು. ನಾವಿಬ್ಬರೂ ಎಷ್ಟು ಗಾಡಿ ತಪ್ಪಿಸಿಕೊಂಡೆವೋ, ಎಷ್ಟು ರೊಟ್ಟಿ ತಿಂದೆನೋ ನೆನಪಿಲ್ಲ.

ಎರಡನೆಯ ವರ್ಷ ನನ್ನ ಪಾಲಿಗೆ ಒಂದು ಹಳೆಯ ಕೈಪಿಡಿಯ ಲೆಕ್ಕ ಬಂತು. ಜನಪದ ಹಾಡುಗಳನ್ನು ಸಂಗ್ರಹಿಸುವವರಿಗೆಂದು ಆ ಸಂಸ್ಥೆ ಪ್ರಕಟಿಸಿದ್ದು. ಹಾಡಿನ ಜೊತೆ ಹಾಡಿದವರ ಹೆಸರನ್ನೂ ತಪ್ಪದೆ ಬರೆದುಕೊಳ್ಳಿ ಎಂಬ ಅದರ ಒಂದು ಮಾತನ್ನು ಎಷ್ಟೋ ದೇಶದ ವಿದ್ವಾಂಸರು ಎತ್ತಿ ಹೇಳಿದ್ದರು. ಎಲ್ಲರೂ ಕೊಟ್ಟ ಪುಟಸಂಖ್ಯೆ ನೂರಾ ಹನ್ನೆರಡು. ಮೂಲ ಪ್ರತಿ ಹುಡುಕಿಕೊಂಡು ಮುಂಬಯಿಯ ಹಳೆಯ ಲೈಬ್ರರಿಯೊಂದಕ್ಕೆ ಹೋಗಿ ಆ ಪುಟ ತೆರೆದೆ. ಅಲ್ಲಿದ್ದದ್ದು ಟೇಪುಗಳನ್ನು ತೇವದಿಂದ ಕಾಪಾಡುವ ಕಪಾಟಿನ ಚಿತ್ರ. ಆ ಮಾತು ಸಿಕ್ಕಿದ್ದು ನೂರಾ ಇಪ್ಪತ್ತೊಂದರಲ್ಲಿ.

ಕುಣಿಯುವಷ್ಟು ಖುಷಿಯಾಯಿತು. ಇಷ್ಟು ದೊಡ್ಡ ವಿದ್ವಾಂಸರಲ್ಲಿ ಒಬ್ಬರೂ ಪುಸ್ತಕ ತೆರೆದಿಲ್ಲ, ಒಬ್ಬರದನ್ನು ನೋಡಿ ಒಬ್ಬರು ಬರೆದಿದ್ದಾರೆ! ಹಾಗಾದರೆ ಮೊದಲು ತಪ್ಪಿದವರು ಯಾರು ಎಂದು ಹಿಂದೆ ಹಿಂದೆ ಹೋದೆ. ಎಲ್ಲಕ್ಕಿಂತ ಹಳೆಯದಾಗಿ ಸಿಕ್ಕಿದ್ದು ಪ್ರಬಂಧವಲ್ಲ, ಟೈಪ್ ಮಾಡಿದ ಒಂದು ಗ್ರಂಥಸೂಚಿ. ಜನಪದ ಅಧ್ಯಯನ ಮಾಡುವವರಿಗೆ ಉಪಯೋಗವಾಗಲೆಂದು ಪುಸ್ತಕಗಳ ಹೆಸರು, ಮುಖ್ಯ ಮಾತು, ಪುಟಸಂಖ್ಯೆ ಕೊಟ್ಟು ಯಾರೋ ಶ್ರದ್ಧೆಯಿಂದ ಮಾಡಿದ ಪಟ್ಟಿ. ಅದನ್ನು ಯಾರೋ ಇಂಟರ್ನೆಟ್ಟಿಗೂ ಏರಿಸಿದ್ದರು. ಮಾಡಿದವರ ಹೆಸರಿರಲಿಲ್ಲ. ಕೆಳಗೆ ಠಾಣೆಯ ಆ ಕಾಲೇಜಿನ ಗ್ರಂಥಾಲಯ ವಿಭಾಗ ಎಂದಷ್ಟೇ ಇತ್ತು. ಅದು ಸರ್ ಇದ್ದ ಕಾಲೇಜೇ ಆದ್ದರಿಂದ, ಇದು ಯಾರ ಅವಾಂತರ ಎಂದು ಅವರನ್ನೇ ಕೇಳಿ ನಗೋಣವೆಂದು ಮರುದಿನ ಗಾಡಿಯಲ್ಲಿ ಹಾಳೆ ತೋರಿಸಿದೆ.

ಅವರು ಬೆರಳಿಟ್ಟು ಓದಿದರು. ಆಮೇಲೆ ಟೊಪ್ಪಿಗೆ ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡರು. ಅವರ ಬರಿಯ ಬೆರಳನ್ನು ನಾನು ನೋಡಿದ್ದು ಅದೇ ಮೊದಲು. ತುದಿ ಬೆಳ್ಳಗೆ ಸುಕ್ಕುಗಟ್ಟಿತ್ತು.

"ಇದು ನಾ ಟೈಪ್ ಮಾಡಿದ್ದು," ಎಂದರು. "ಪುಸ್ತಕ ಒಂದ ದಿನದ ಮಟ್ಟಿಗೆ ತಂದಿದ್ದೆ. ವಾಪಸ್ ಕೊಟ್ಟ ಮ್ಯಾಲ ಟೈಪ್ ಮಾಡಿದೆ, ಕಡೀ ಎರಡು ಅಂಕಿ ಹಿಂದಮುಂದ ಆಗ್ಯಾವ. ತಿರುಗಿ ನೋಡಲಿಲ್ಲ. ಹೇಳೂದು ಶಾಸ್ತ್ರಾ, ತಿನ್ನೂದು ಬದನಿಕಾಯಿ."

ನಾನು ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡೆ. ಗಾಡಿ ಐರೋಲಿ ದಾಟಿತು. ಕೊನೆಗೆ, ಇದನ್ನು ವರದಿಯಲ್ಲಿ ಹಾಕುವುದು ಬೇಡ ಸರ್, ಯಾರಿಗೂ ಗೊತ್ತಾಗುವುದಿಲ್ಲ ಎಂದೆ. ನಿನಗೆ ಗೊತ್ತಾಯಿತಲ್ಲ ಎಂದರು. ಹಾಕಬೇಕು, ತಮ್ಮ ಹೆಸರು ಬರೆದೇ ಹಾಕಬೇಕು ಎಂದು ಹಟ ಹಿಡಿದರು. ನನಗೆ ಅಳು ಬಂದು, ಅದು ಸಿಟ್ಟಾಗಿ ಹೊರಬಿತ್ತು.

"ಎಂತ ಸರ್ ನೀವು? ಇಷ್ಟೆಲ್ಲ ಜನ ನಿಮ್ಮ ಪಟ್ಟಿ ನೋಡಿಯೇ ಬರ್ದದ್ದಲ್ವಾ? ಒಬ್ಬರಾದ್ರೂ ಆ ಪಟ್ಟಿಯ ಹೆಸರು ಹೇಳಿದ್ದಾರಾ? ಈ ತಪ್ಪು ಇಲ್ಲದಿದ್ರೆ ಅದು ನಿಮ್ಮ ಕೆಲಸ ಅಂತ ನಂಗೂ ಗೊತ್ತಾಗ್ತಿರಲಿಲ್ಲ."

"ತಪ್ಪಿಗೆ ಹಾರ ಹಾಕಬ್ಯಾಡ ತಂಗಿ," ಎಂದರು.

ಮ್ಯಾನೇಜರಿಗೆ ಇದೆಲ್ಲ ಬೇಡವಾಗಿತ್ತು. ಪುಟಸಂಖ್ಯೆಯ ತಪ್ಪೊಂದು ಬಹಳ ಕಡೆ ನಕಲಾಗಿದೆ ಎಂಬ ಒಂದು ಸಾಲು ಉಳಿಸಿ ಮಿಕ್ಕದ್ದನ್ನು ಹೊಡೆದುಹಾಕಿದ. ವರದಿ ಹೋಯಿತು. ಆದರೆ ಸರ್ ಸುಮ್ಮನಾಗಲಿಲ್ಲ. ನೂರಾ ಹನ್ನೆರಡು ಎಂದು ಬರೆದ ಪ್ರತಿಯೊಬ್ಬರ ಹೆಸರನ್ನೂ ಒಂದು ನೋಟ್‌ಬುಕ್ಕಿನಲ್ಲಿ ಇಳಿಸಿಕೊಂಡು, ಇದು ನನ್ನ ತಪ್ಪು, ದಯವಿಟ್ಟು ತಿದ್ದಿಕೊಳ್ಳಿ ಎಂದು ಒಬ್ಬೊಬ್ಬರಿಗೂ ಬರೆಯತೊಡಗಿದರು. ಜೊತೆಗೆ ಸರಿಯಾದ ಪುಟದ ಫೋಟೊ. ಈಮೇಲ್ ಕಳಿಸುವುದು ನನ್ನ ಕೆಲಸ. ಕೆಲವರು ಉತ್ತರಿಸಿದರು, ಹಲವರು ಉತ್ತರಿಸಲಿಲ್ಲ. ತಾನು ಆ ಪುಸ್ತಕವನ್ನು ಕಣ್ಣಿಂದಲೂ ನೋಡಿಲ್ಲವೆಂದು ಒಬ್ಬ ಪ್ರೊಫೆಸರ್ ಒಪ್ಪಿಕೊಂಡಾಗ ಸರ್ ಇಡೀ ದಿನ ಗೆಲುವಾಗಿದ್ದರು. ಪತ್ರ ಕಳಿಸಿಯಾದವರ ಹೆಸರಿನ ಮುಂದೆ ಒಂದು ಗುರುತು ಹಾಕುತ್ತಿದ್ದರು. ಒಂದು ಸಂಜೆ ನೋಟ್‌ಬುಕ್ ಮುಚ್ಚುತ್ತ, "ನಾ ಇರೂತನಕಾ ನಾ ಬರೀತೀನಿ. ಆಮ್ಯಾಲ ನೀ ಬರಿ," ಎಂದರು. ಆಯ್ತು ಸರ್ ಎಂದೆ.

ಮುಂದಿನ ಗಣಪತಿ ಹಬ್ಬ ಮುಗಿದ ವಾರ ಅವರಿಗೆ ಜ್ವರ ಬಂತು. ಮೂರು ದಿನ ಆಸ್ಪತ್ರೆಯಲ್ಲಿದ್ದರು, ನಾಲ್ಕನೆಯ ದಿನ ಹೋಗಿಬಿಟ್ಟರು. ನಾನು ವರ್ತಕ ನಗರ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕನ್ನಡ ಅರ್ಥವಾದರೂ ಮರಾಠಿಯಲ್ಲೇ ಮಾತಾಡುವ ಅವರ ಮಗಳು, ಬಾಬಾ ಇದನ್ನು ನಿಮಗೇ ಕೊಡಲು ಹೇಳಿದ್ದರು ಎಂದು ನೋಟ್‌ಬುಕ್ ತಂದುಕೊಟ್ಟಳು. ಅರ್ಧದಷ್ಟು ಹೆಸರುಗಳ ಮುಂದೆ ಇನ್ನೂ ಗುರುತು ಬಿದ್ದಿರಲಿಲ್ಲ.

ನಾಲ್ಕು ತಿಂಗಳು ನಾನದನ್ನು ತೆರೆಯಲಿಲ್ಲ. ಮರೆವಲ್ಲ, ಮನಸ್ಸಾಗಲಿಲ್ಲ. ನಮ್ಮ ಕೆಲಸದಲ್ಲಿ ಪ್ರತಿ ಸೋಮವಾರ ಹೊಸ ಪ್ರಬಂಧಗಳನ್ನು ಹುಡುಕುವ ರೂಢಿ. ಒಮ್ಮೊಮ್ಮೆ ಯಾವುದೋ ದೂರದ ದೇಶದಿಂದ ಆ ಕೈಪಿಡಿಯ ಹೆಸರು, ಪಕ್ಕದಲ್ಲಿ ನೂರಾ ಹನ್ನೆರಡು ಎಂದು ಬರುತ್ತಿತ್ತು. ನನಗೆ ಪ್ಲಾಟ್‌ಫಾರ್ಮಿನ ಜನರ ನಡುವೆ ಕೆಂಪು ಬೆರಳು ಕಂಡ ಹಾಗಾಗುತ್ತಿತ್ತು. ಅವರ ಹೆಸರು ಎಲ್ಲಿಯೂ ಇಲ್ಲ, ಇರುವುದು ಇದೊಂದು ತಪ್ಪು. ಅದನ್ನೂ ನನ್ನ ಕೈಯಾರೆ ಅಳಿಸಲೇ? ಬಿಡು, ಇನ್ನೊಂದಿಷ್ಟು ದಿನ ಇರಲಿ ಎಂದು ನೋಟ್‌ಬುಕ್ಕನ್ನು ಡ್ರಾಯರಿನಲ್ಲೇ ಇಟ್ಟೆ.

ಆಗ ಒಂದು ಈಮೇಲ್ ಬಂತು. ಸರ್ ತಿಂಗಳುಗಳ ಹಿಂದೆ ಬರೆದಿದ್ದ ಪತ್ರಕ್ಕೆ ಒಬ್ಬ ವಯಸ್ಸಾದ ಪ್ರೊಫೆಸರ್ ತಡವಾಗಿ ಕಳಿಸಿದ ಉತ್ತರ. ನನ್ನ ಪುಸ್ತಕದ ಹೊಸ ಮುದ್ರಣದಲ್ಲಿ ತಿದ್ದಿದ್ದೇನೆ, ತಮ್ಮಂಥವರಿಗೆ ಋಣಿ ಎಂದು ಬರೆದು, ಇನ್ನೂ ಎಷ್ಟು ಜನ ಉಳಿದಿದ್ದಾರೆ ಎಂದು ಸರ್ ಅವರನ್ನು ಪ್ರೀತಿಯಿಂದ ಕೇಳಿದ್ದರು. ಅದಕ್ಕೆ ಉತ್ತರಿಸಬೇಕಾದವಳು ನಾನು. ನಾಚಿಕೆಯಾಯಿತು. ಅಂದೇ ಡ್ರಾಯರ್ ತೆರೆದೆ.

ಮುಗಿಯಲು ಒಂದೂವರೆ ವರ್ಷ ಹಿಡಿಯಿತು. ಎಲ್ಲ ಹೆಸರಿಗೂ ಗುರುತು ಬಿತ್ತು. ಇಂಟರ್ನೆಟ್ಟಿನಲ್ಲಿದ್ದ ಆ ಪಟ್ಟಿಯ ಜೊತೆಗೂ ತಿದ್ದುಪಡಿಯ ಚೀಟಿ ಸೇರಿಸಲು ಕಾಲೇಜಿನವರನ್ನು ಒಪ್ಪಿಸಿದೆ, ಅದರಲ್ಲಿ ಸರ್ ಹೆಸರು ಬರೆಸಿದೆ. ಹಾರವಲ್ಲ, ಅವರೇ ಕೇಳಿದ್ದು. ಈಗ ಬರುವ ಪ್ರಬಂಧಗಳಲ್ಲೆಲ್ಲ ನೂರಾ ಇಪ್ಪತ್ತೊಂದು ಎಂದೇ ಇರುತ್ತದೆ.

ಆದರೂ ಪ್ರತಿ ಸೋಮವಾರ, ಬೇರೆ ಕೆಲಸಕ್ಕೆ ಕೈಹಾಕುವ ಮೊದಲು, ಹೊಸ ಪ್ರಬಂಧಗಳಲ್ಲಿ ನೂರಾ ಹನ್ನೆರಡು ಎಂದು ಹೊಡೆದು ನೋಡುತ್ತೇನೆ. ಎಲ್ಲಾದರೂ ಒಂದು ಉಳಿದಿರಲಿ ಎಂದು ಮನಸ್ಸು ಬೇಡುತ್ತದೆ. ಈ ಸೋಮವಾರವೂ ನೋಡಿದೆ ಸರ್. ಒಂದೂ ಇಲ್ಲ.