ಅಜ್ಜಿ ಬಿಟ್ಟುಕೊಟ್ಟ ಹೊಲ

ಮೊನ್ನೆ ಸ್ವೀಡನ್ನಿನ ಸುಂಡ್‌ಬೀಬರ್ಯ್‌ನ ನಮ್ಮ ಬಾಡಿಗೆ ಮನೆಯ ಮೆಟ್ಟಿಲಿಳಿಯುವಾಗ ಕೆಟ್ಟ ನಾತವೊಂದು ಮೂಗಿಗೆ ಬಡಿಯಿತು. ಕೆಳಮನೆಯವರು ಬಾಲ್ಕನಿಯ ಗಿಡಗಳಿಗೆಂದು ಬಕೆಟ್ಟಿನಲ್ಲಿ ತುರಚೆ ಸೊಪ್ಪು ಕೊಳೆಹಾಕಿದ್ದರು. ಮಗಳು ಮೂಗು ಮುಚ್ಚಿಕೊಂಡು, "ಅಮ್ಮಾ, ಸೋ ಡಿಸ್ಗಸ್ಟಿಂಗ್" ಎಂದಳು. ನಾನು ಅಲ್ಲೇ ನಿಂತೆ. ಉಪ್ಸಾಲಾದಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಗ ನನ್ನ ಮನೆಯೊಡತಿಯ ಹಿತ್ತಲು ಇದೇ ನಾತ ಬೀರುತ್ತಿತ್ತು…

ಇಲ್ಲಿ ಎಷ್ಟೇ ಹಿರಿಯರನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ನನ್ನ ನಾಲಿಗೆ ಅದಕ್ಕೆ ಒಗ್ಗಲಿಲ್ಲ. ಮನೆಯೊಡತಿಯನ್ನು ಅಜ್ಜಿ ಎಂದೆ. ಅರ್ಥ ಕೇಳಿ ತಿಳಿದುಕೊಂಡು, ಹಾಗೇ ಇರಲಿ ಎಂದರು.

ಅಜ್ಜಿ ಎಸ್ಟೋನಿಯಾದವರು. ಯುದ್ಧಕಾಲದಲ್ಲಿ ಅಮ್ಮನ ಮಡಿಲಲ್ಲಿ ಕೂತು, ದೋಣಿಯಲ್ಲಿ ಸಮುದ್ರ ದಾಟಿ ಬಂದವರು. ಅವರ ಮನೆಮಂದಿಗೆ ನೆಲೆ ಕೊಟ್ಟದ್ದು ಉಪ್ಸಾಲಾದಾಚೆ ಕ್ವೇಕರರು ನಡೆಸುತ್ತಿದ್ದ ಒಂದು ಮಾದರಿ ಜಮೀನು. ಪಾದ್ರಿಯಿಲ್ಲದೆ, ಒಟ್ಟಿಗೆ ಸುಮ್ಮನೆ ಕೂತು ಪ್ರಾರ್ಥಿಸುವ ಕ್ರೈಸ್ತರು ಅವರು. ಯಾರಿಗೂ ಬೇಡವಾದ ಕಲ್ಲುನೆಲ ಹಿಡಿದು, ನಿರಾಶ್ರಿತರ ಜೊತೆ ತಾವೂ ದುಡಿದು, ಸೋತ ಮಣ್ಣಿಗೆ ಸಗಣಿಗೊಬ್ಬರದಿಂದ ಮತ್ತೆ ಜೀವ ತರಬಹುದೆಂದು ಸುತ್ತಲಿನ ರೈತರಿಗೆ ಮಾಡಿ ತೋರಿಸಲು ಹೊರಟಿದ್ದರು. ಮೊದಮೊದಲು ರೈತರು ಬೇಲಿಯಾಚೆ ನಿಂತು ನಕ್ಕರಂತೆ. ಗೋಧಿಯಂಥ ರೈ ಬೆಳೆ ಎದೆಯೆತ್ತರ ಬಂದ ವರ್ಷ ಅವರೇ ಒಳಗೆ ಬಂದು ಮಣ್ಣು ಹಿಡಿದು ನೋಡಿದರಂತೆ.

"ಅಪ್ಪ ಅವತ್ತು ಮೊದಲ ಸಲ ಜೋರಾಗಿ ಸ್ವೀಡಿಷ್ ಮಾತಾಡಿದ್ರು" ಎನ್ನುತ್ತಿದ್ದರು ಅಜ್ಜಿ.

ನಾನು ಬರುವ ಹೊತ್ತಿಗೆ ಅದೆಲ್ಲ ಮುಗಿದಿತ್ತು. ಜಮೀನು ಶುರುಮಾಡಿದವರೂ ಅಜ್ಜಿಯ ಅಪ್ಪನೂ ತೀರಿಕೊಂಡಿದ್ದರು, ಅವರ ಮಕ್ಕಳು ಪಟ್ಟಣ ಸೇರಿದ್ದರು. ಮಂಡಿನೋವಿನಿಂದ ಅಜ್ಜಿಯೂ ಉಪ್ಸಾಲಾಕ್ಕೆ ಬಂದಿದ್ದರು. ಮರದ ವ್ಯಾಪಾರಿಯೊಬ್ಬ ಹೊಲ ಕೇಳಿದ್ದ. ಕಾಗದದ ಕಾರ್ಖಾನೆಗೆ ಹೋಗುವ ಸ್ಪ್ರೂಸ್ ಮರ ನೆಡುತ್ತಾನಂತೆ. ಕ್ವೇಕರರಲ್ಲಿ ತೀರ್ಮಾನಕ್ಕೆ ಕೈಯೆತ್ತಿಸಿ ಮತ ಎಣಿಸುವ ಪದ್ಧತಿಯಿಲ್ಲ. ಒಬ್ಬರ ಮನಸ್ಸು ಒಪ್ಪದಿದ್ದರೂ ಉಳಿದವರು ಕಾಯುತ್ತಾರೆ. ಒಪ್ಪದಿದ್ದವರು, ಅವರಲ್ಲೇ ಒಬ್ಬರಾಗಿ ಬೆಳೆದಿದ್ದ ಅಜ್ಜಿ ಒಬ್ಬರೇ. ಯಾರೂ ಒತ್ತಾಯಿಸಲಿಲ್ಲ. ಅವರಿಗೆ ಹೆಚ್ಚು ಕಷ್ಟವಾದದ್ದು ಅದೇ ಇರಬೇಕು…

ಆ ಶರತ್ಕಾಲದಲ್ಲಿ ಜಮೀನಿನ ಮನೆಯಲ್ಲಿ ಸೇರಿದ ಸಭೆಗೆ ನನ್ನನ್ನೂ ಕರೆದುಕೊಂಡು ಹೋದರು. ಮೊದಲು ಹೊಲ ನೋಡೋಣ ಎಂದು ನಡೆದೆವು. ನಡುವೆ ನೀರು ಹರಿಯಲು ತೋಡಿದ ಸಣ್ಣ ಕಾಲುವೆ. ಅಜ್ಜಿ ಕಾಲೆತ್ತಿದರು, ಮತ್ತೆ ಇಳಿಸಿದರು. ನಾನು ಕೈಚಾಚಿದೆ. ಹಿಡಿಯಲಿಲ್ಲ. ಆಚೆಯ ಹೊಲವನ್ನು ಬಹಳ ಹೊತ್ತು ನೋಡಿ, "ನಡಿ, ಅವರೆಲ್ಲ ಕಾಯ್ತಿರ್ತಾರೆ" ಎಂದರು.

ಒಳಗೆ ಕುರ್ಚಿಗಳನ್ನು ದುಂಡಗೆ ಹಾಕಿದ್ದರು. ಕೂತಿದ್ದವರೆಲ್ಲ ನರೆಗೂದಲಿನವರು. ಒಲೆಯಲ್ಲಿ ಕಟ್ಟಿಗೆ ಸಿಡಿಯುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಎಷ್ಟೋ ಹೊತ್ತಿನ ಮೇಲೆ ಅಜ್ಜಿ ತಮ್ಮ ಕುರ್ಚಿಯ ತೋಳು ಹಿಡಿದು ಎದ್ದರು.

"ಉಳೋಕೆ ನನ್ನಿಂದ ಆಗಲ್ಲ. ನಿಮ್ಮ ಯಾರಿಂದಲೂ ಆಗಲ್ಲ. ಕೊಟ್ಬಿಡಿ" ಎಂದರು.

ಪಕ್ಕದಲ್ಲಿದ್ದ ಮುದುಕರೊಬ್ಬರು ಅಜ್ಜಿಯ ಕೈಮೇಲೆ ಕೈಯಿಟ್ಟರು. ಆಮೇಲೆ ಫೀಕಾ, ಅಂದರೆ ಕಾಫಿ-ಬನ್ನಿನ ಹೊತ್ತು. ಎಲ್ಲರ ಬಟ್ಟಲಿಗೂ ಅಜ್ಜಿಯೇ ಕಾಫಿ ಬಗ್ಗಿಸಿದರು. ವಾಪಸು ಬರುವಾಗ ಬಸ್ಸಿನ ಕಿಟಕಿಯತ್ತ ತಿರುಗಿ, "ಅಪ್ಪನಿಗೆ ಏನಂತ ಹೇಳ್ಲಿ?" ಎಂದರು.

ನನ್ನ ಮಗಳು ಹುಟ್ಟಿದ ವರ್ಷದ ಚಳಿಗಾಲದಲ್ಲಿ ಅಜ್ಜಿ ಹೋದರು. ಬಾಣಂತನಕ್ಕೆಂದು ನಾನಾಗ ಧಾರವಾಡದಲ್ಲಿದ್ದೆ. ಸುದ್ದಿ ತಿಳಿಯುವಷ್ಟರಲ್ಲಿ ಮಣ್ಣೂ ಆಗಿಹೋಗಿತ್ತು.

ಈ ಭಾನುವಾರ ಮಗಳನ್ನು ಕರೆದುಕೊಂಡು ಆ ಜಮೀನಿಗೆ ಹೋಗಿದ್ದೆ. ಸ್ಪ್ರೂಸ್ ಮರಗಳು ನನ್ನೆತ್ತರ ಮೀರಿ ಒತ್ತಾಗಿ ಬೆಳೆದಿವೆ. ದನದ ಕೊಟ್ಟಿಗೆ ಎಲ್ಲಿತ್ತೆಂದೂ ಗೊತ್ತಾಗಲಿಲ್ಲ.

"ವಾಟ್ ವಾಸ್ ಹಿಯರ್, ಅಮ್ಮಾ?"

"ಹೊಲ ಇತ್ತು ಪುಟ್ಟಿ" ಎಂದೆ. ಅವಳು ಮರಗಳ ಸಂದಿಯಲ್ಲಿ ಇಣುಕಿ ನೋಡಿದಳು. ಅವಳಿಗೆ ತೋರಿಸಲು ಅಲ್ಲಿ ಏನೂ ಉಳಿದಿರಲಿಲ್ಲ.