ಕೃಷ್ಣಾಬಾಯಿ ಕಟ್ಟಿಸಿದ ಅಗ್ಗಿಷ್ಟಿಕೆ

ಮೆಟ್ಟಿಲು ಹತ್ತುವ ಗಿರಾಕಿಯ ಕಾಲು ನೋಡಿಯೇ ಜನಾರ್ದನ ಬೆಲೆ ಕಟ್ಟುತ್ತಿದ್ದ. ಹೈದರಾಬಾದಿನಲ್ಲಿ ಟೈಲ್ಸು, ಕಲ್ಲು ಮಾರಿ ತಲೆ ನರೆತವನು. ಆ ದಿನ ಬಂದ ಕೃಷ್ಣಾಬಾಯಿಯವರದು ಸವೆದ ಚಪ್ಪಲಿ, ಇಸ್ತ್ರಿ ಕೆಡದ ನೂಲಿನ ಸೀರೆ, ಹೆಗಲಿಗೆ ಬಟ್ಟೆಯ ಚೀಲ. ಸರಕಾರಿ ಕಚೇರಿಯಿಂದ ನಿವೃತ್ತರಾದವರೇ ಸರಿ. ಅಂಗಡಿಯ ಮಾಲನ್ನೆಲ್ಲ ಕೆಳಗಿಳಿಸಿ ನೋಡಿ, ಕೊನೆಗೆ ಬಚ್ಚಲಿಗೆ ನಾಲ್ಕು ಟೈಲ್ಸು ಒಯ್ಯುತ್ತಾರೆ. ಹೀಗೆ ಅಂದಾಜು ಮಾಡಿ ಅವನು ಚಹಾ ತರಿಸುವುದನ್ನು ಮುಂದೂಡಿದ.

ತೆಲುಗಿನಲ್ಲಿ ಶುರುವಾದ ಮಾತು ಅರೆಗಳಿಗೆಯಲ್ಲಿ ಕನ್ನಡಕ್ಕೆ ಹೊರಳಿತು. ಅವರಿಗೆ ಬೇಕಿದ್ದದ್ದು ಅಗ್ಗಿಷ್ಟಿಕೆಯ ಸುತ್ತ ಹೊದಿಸುವ ಕಲ್ಲು. ಬೇಗಂಪೇಟೆಯ ಹಳೇ ಬಂಗಲೆಯ ಒಂದು ಪಾಲಿನಲ್ಲಿ ಅವರ ಬಾಡಿಗೆ ಮನೆ. ಅಲ್ಲಿನ ಗೋಡೆಯ ಅಗ್ಗಿಷ್ಟಿಕೆಯ ಬಾಯಿಯ ಸುತ್ತ ಯಾರೋ ತೇಗದ ಹಲಗೆ ಹೊಡೆಸಿ, ಒಳಗೆ ಟಿವಿ ಇಡಿಸಿದ್ದರು. ಗಂಡ ರಾಮದಾಸರಿಗೆ ಕಾಯಿಲೆ ಬಿದ್ದಾಗಿನಿಂದ ಎರಡು ರಗ್ಗು ಹೊದ್ದರೂ ಚಳಿ. ಇನ್ನು ಬಹಳ ದಿನ ಇಲ್ಲವೆಂದು ಡಾಕ್ಟರು ಮನೆಗೆ ಕಳಿಸಿದ್ದರು. ಆ ಅಗ್ಗಿಷ್ಟಿಕೆಯ ಮುಂದೆ ಒಂದು ಸಂಜೆ ಮೈ ಕಾಯಿಸಿಕೊಳ್ಳಬೇಕೆಂಬುದೊಂದೇ ರಾಮದಾಸರ ಆಸೆ.

ಜನಾರ್ದನ ಕಲ್ಲಿನಂತೆ ಹೊಳೆಯುವ ಪ್ಲಾಸ್ಟಿಕ್ ಶೀಟು ತೆಗೆದ. ಮಾದಾಪುರದ ವಿಲ್ಲಾಗಳಿಗೆಲ್ಲ ಇದೇ ಹೋಗುತ್ತದೆ ಎಂದ. ಅಲ್ಲಿ ಉರಿಯುವುದು ಕರೆಂಟಿನ ಬೆಂಕಿ ಎಂಬುದನ್ನು ಮಾತ್ರ ಹೇಳಲಿಲ್ಲ. ಕೃಷ್ಣಾಬಾಯಿ ಒಂದೊಂದು ಬಗೆಯ ಒಂದೊಂದು ತುಂಡನ್ನು ಚೀಲಕ್ಕೆ ಹಾಕಿಕೊಂಡು ಹೋದರು. ಮಡಕೆ ಕೊಳ್ಳುವವರು ಬೆರಳಿನಿಂದ ಬಡಿದು ನೋಡುವಂತೆ, ಇವರು ಎಲ್ಲವನ್ನೂ ಮನೆಯ ಗ್ಯಾಸಿನ ಉರಿಯ ಮೇಲಿಟ್ಟು ನೋಡಿದರು. ಮರುದಿನ ಬಂದು ಗಲ್ಲಾಪೆಟ್ಟಿಗೆಯ ಪಕ್ಕ ಸುರಿದರು. ಶೀಟು ಸುರುಳಿ ಸುತ್ತಿತ್ತು.

"ನಿಮ್ಮ ಹಪ್ಪಳ ಭಾಳ ಚಲೋ ಸುಟ್ಟೈತ್ರಿ, ಸಾವ್ಕಾರ್ರ. ಇನ್ನ ಕಲ್ಲು ತೋರಸ್ರಿ."

ಅಂಗಡಿಯವರೆಲ್ಲ ನಕ್ಕರು. ಜನಾರ್ದನನಿಗೆ ಅವರೆಂದರೆ ಒಂದು ಬಗೆಯ ಹೆದರಿಕೆ ಹುಟ್ಟಿತು, ಹಿಂದೆಯೇ ಅಕ್ಕರೆ. ಚಹಾ ತರಿಸಿದ. ಅಡುಗೆಯ ಕಲ್ಲುಪಾತ್ರೆ ಮಾಡುವ ಬಳಪದ ಕಲ್ಲನ್ನೇ ಹಲಗೆಯಾಗಿ ಕೊಯ್ಯಿಸಿ ಕೊಟ್ಟ. ಮನೆ ಮಾಲೀಕರನ್ನು ಒಪ್ಪಿಸಿ ತೇಗವನ್ನು ಕೀಳಿಸಿದ, ಹೊಗೆಗೂಡು ಗುಡಿಸಿಸಿದ, ಭಟ್ಟಿಯ ಇಟ್ಟಿಗೆ, ಶಾಖ ತಡೆಯುವ ಗಾರೆ ಎಲ್ಲವನ್ನೂ ಎದುರಿಗೆ ನಿಂತು ಹಾಕಿಸಿದ. ಲಗೂ ಮುಗಿಸು, ಇಲ್ಲದಿದ್ದರೆ ನನ್ನನ್ನು ಬೇರೆ ಕಡೆ ಒಯ್ದು ಬೆಚ್ಚಗೆ ಮಾಡುತ್ತಾರೆ ಎಂದು ರಾಮದಾಸರು ಮಂಚದಿಂದಲೇ ಮೇಸ್ತ್ರಿಯನ್ನು ಕಾಡುತ್ತಿದ್ದರು.

ಕೆಲಸ ಮುಗಿದ ದಿನ ಜನಾರ್ದನ ಖಡಾಖಂಡಿತವಾಗಿ ಹೇಳಿದ: ಗಾರೆ ಪೂರ್ತಿ ಒಣಗುವ ತನಕ ಕಡ್ಡಿ ಗೀರಬಾರದು, ಒಳಗಿನ ನೀರು ಆವಿಯಾಗಿ ಸಂದು ಸಿಡಿಯುತ್ತದೆ. ಕೃಷ್ಣಾಬಾಯಿ ಬೆಳಗಾದರೆ ಆ ಸಂದುಗಳಿಗೆ ಕೆನ್ನೆ ಒತ್ತಿ ತೇವ ಆರಿದೆಯೇ ಎಂದು ನೋಡುತ್ತಿದ್ದರು. ಒಣಗಿತೇ ಎಂದು ಮಂಚದಿಂದ ದನಿ ಬರುತ್ತಿತ್ತು. ಗಾರೆ ಒಣಗುವ ಮೊದಲೇ ರಾಮದಾಸರು ತೀರಿಕೊಂಡರು.

ಜನಾರ್ದನ ಮಾತಾಡಿಸಿಕೊಂಡು ಬರಲು ಹೋದ. ಸೂತಕದ ಮನೆ, ಒಲೆ ಹೊತ್ತಿಸುವಂತಿಲ್ಲ. ಊಟ ಪಕ್ಕದ ಮನೆಯಿಂದ ಬಂದಿತ್ತು. ಬಂದವರು ಹೊಸ ಕಲ್ಲನ್ನು ನೋಡಿಯೂ ನೋಡದಂತೆ ಕೂತಿದ್ದರು.

"ಕಡೀ ಸಂಜಿ ಇವ್ರು, ಹಚ್ಚು ಅಂದ್ರು," ಎಂದರು ಕೃಷ್ಣಾಬಾಯಿ. "ಸಾವ್ಕಾರ್ರು ಬ್ಯಾಡ ಅಂದಾರ, ಅಂದೆ. ಹಂಗಾರ ಬಿಡು, ಸಿಡದು ನಿನ್ನ ಮಾರಿಗೆ ಬಡದೀತು, ಅಂದ್ರು."

ನಾಲ್ಕು ಸೌದೆ ಚಕ್ಕೆಯ ಸಣ್ಣ ಬೆಂಕಿಯಿಂದ ಗಾರೆಗೆ ಏನೂ ಆಗುತ್ತಿರಲಿಲ್ಲವೇನೋ. ಆ ಮಾತು ಜನಾರ್ದನನ ನಾಲಿಗೆಯ ತನಕ ಬಂತು. ಹೇಳಿದರೆ ಅದನ್ನು ಬದುಕಿರುವ ತನಕ ಹೊರಬೇಕಾದವರು ಅವರು. ನುಂಗಿಕೊಂಡ.

ಕರ್ಮಗಳೆಲ್ಲ ಮುಗಿದವು, ಗಾರೆಯೂ ಒಣಗಿತು. ಅವನು ಸೌದೆಯ ಹೊರೆಯೊಂದಿಗೆ ಹೋಗಿ, ಮೊದಲ ಬೆಂಕಿ ತಾನೇ ಹಚ್ಚಿಕೊಡುತ್ತೇನೆ ಎಂದ. ಕೃಷ್ಣಾಬಾಯಿ ಹೊರೆಯನ್ನು ಹೊರಗೇ ಇಳಿಸಿಸಿ, ಒಳಗೆ ಕರೆದು ಕುಡಿಯಲು ನೀರು ಕೊಟ್ಟರು.

"ಈಗ ಚಳಿ ಯಾರಿಗೈತ್ರಿ?"

ಆ ಕಲ್ಲಿಗೆ ಇವತ್ತಿಗೂ ಮಸಿ ಹತ್ತಿಲ್ಲ. ಅವರು ಅವನನ್ನು ಒಂದು ದಿನವೂ ದೂರಲಿಲ್ಲ. ಜನಾರ್ದನನ ಲೆಕ್ಕದಲ್ಲಿ ಮಾತ್ರ, ಕೃಷ್ಣಾಬಾಯಿಯವರಿಗೆ ಒಂದು ಸಂಜೆಯ ಬೆಂಕಿ ಕೊಡುವುದು ಬಾಕಿಯಿದೆ.