ನವಾಹೋ ಬಲ್ಲವರು ಅಲ್ಲಿ ಯಾರೂ ಇರಲಿಲ್ಲ

೨೦೨೧ರ ಆರಂಭದಲ್ಲಿ ನಾನು ಸ್ಯಾನ್ ಡಿಯಾಗೋದ ಒಂದು ಪುನಶ್ಚೇತನ ಕೇಂದ್ರಕ್ಕೆ ಸ್ಪೀಚ್ ಥೆರಪಿಸ್ಟ್ ಆಗಿ ಸೇರಿದೆ. ಪಾರ್ಶ್ವವಾಯು ಬಡಿದು ಮಾತು ಕಳೆದುಕೊಂಡವರಿಗೆ ಮತ್ತೆ ಮಾತು ಕಲಿಸುವ ಕೆಲಸ. ಕೋವಿಡ್ ಕಾರಣಕ್ಕೆ ರೋಗಿಗಳ ಮನೆಯವರನ್ನು ಒಳಗೆ ಬಿಡುತ್ತಿರಲಿಲ್ಲ.

ಮೊದಲಿಗೆ ನನಗೆ ಒಪ್ಪಿಸಿದ್ದು ಎಪ್ಪತ್ತು ದಾಟಿದ ಹೆಂಗಸೊಬ್ಬರನ್ನು. ಇದೇ ಊರಿನಲ್ಲಿ ವರ್ಷಗಟ್ಟಲೆ ಶಾಲೆಯ ಬಸ್ ಓಡಿಸಿದ್ದವರು. ಬಲಗೈ, ಬಲಗಾಲು ಸ್ವಾಧೀನ ತಪ್ಪಿದ್ದವು. ಅರ್ಥವಿಲ್ಲದ ಶಬ್ದಗಳನ್ನು ಆಡುತ್ತಾರೆ ಎಂದು ಅವರನ್ನು ನೋಡಿದ್ದವರೆಲ್ಲ ಹೇಳಿದರು. ನಿಜ, ಅದರಲ್ಲಿ ಒಂದೂ ಇಂಗ್ಲಿಷ್ ಪದವಿರಲಿಲ್ಲ. ಆದರೆ ಅವೇ ನಾಲ್ಕಾರು ಪದಗಳು ಅದೇ ಏರಿಳಿತದಲ್ಲಿ ಮತ್ತೆ ಮತ್ತೆ ಬರುತ್ತಿದ್ದವು. ಹೇಳಿ ಮುಗಿಸಿ, ಉತ್ತರಕ್ಕೆ ಕಾಯುವವರಂತೆ ನನ್ನ ಮುಖ ನೋಡುತ್ತಿದ್ದರು. ಎಡಗೈಯಿಂದ ಕಾಲ ಮೇಲಿನ ಹೊದಿಕೆ ಎಳೆದು ತೆಗೆಯುತ್ತಿದ್ದರು. ನರ್ಸ್ ಬಂದು ಮತ್ತೆ ಹೊದಿಸಿ ಹೋಗುತ್ತಿದ್ದಳು.

ಕಲ್ವರ್ ಸಿಟಿಯಲ್ಲಿದ್ದ ಅವರ ಮಗಳಿಗೆ ವಿಡಿಯೋ ಕಾಲ್ ಮಾಡಿ ಫೋನನ್ನು ತಾಯಿಯ ಬಾಯಿಯ ಹತ್ತಿರ ಹಿಡಿದೆ. ಮಗಳು ಕಿವಿಗೊಟ್ಟು ಕೇಳಿದಳು. ಆಮೇಲೆ, ಇದು ನವಾಹೋ, ನಮ್ಮ ಬುಡಕಟ್ಟಿನ ಭಾಷೆ, ಅಜ್ಜನ ಬಾಯಲ್ಲಿ ಕೇಳಿದ್ದೆ, ಅಮ್ಮ ಮಾತಾಡಿದ್ದನ್ನು ಕೇಳಿಯೇ ಇರಲಿಲ್ಲ ಎಂದಳು.

ಆ ಅಜ್ಜನ, ಅಂದರೆ ನನ್ನ ರೋಗಿಯ ತಂದೆಯ, ಕಥೆಯನ್ನೂ ಅವಳೇ ಹೇಳಿದಳು. ಬೋರ್ಡಿಂಗ್ ಶಾಲೆಯಲ್ಲಿ ನವಾಹೋ ಆಡಿದ್ದಕ್ಕೆ ಅವರ ಬಾಯಿಗೆ ಸೋಪು ಹಾಕಿ ತೊಳೆಸಿದ್ದರಂತೆ. ಎರಡನೇ ಮಹಾಯುದ್ಧ ಬಂದಾಗ ಅದೇ ಭಾಷೆ ಸೈನ್ಯಕ್ಕೆ ಬೇಕಾಯಿತು. ಈ ಊರಿನ ಹತ್ತಿರವೇ ತರಬೇತಿ ಕೊಟ್ಟು ಪೆಸಿಫಿಕ್ ದ್ವೀಪಗಳಿಗೆ ಕಳಿಸಿದರು. ನವಾಹೋ ಪದಗಳಿಂದ ಕಟ್ಟಿದ ಸಂಕೇತದಲ್ಲಿ ಅವರು ರೇಡಿಯೋ ಸಂದೇಶ ಕಳಿಸಿದರೆ ಜಪಾನಿಯರಿಗೆ ಬಿಡಿಸಲು ಆಗುತ್ತಿರಲಿಲ್ಲ. ಊರಿಗೆ ಮರಳಿದ ಮೇಲೆ ಆ ಸಂಕೇತದ ಬಗ್ಗೆ ಬಾಯಿ ಬಿಡಬಾರದೆಂದು ಆಜ್ಞೆಯಾಯಿತು. ಅವರು ತಮ್ಮ ಮಗಳನ್ನು ಇಂಗ್ಲಿಷಿನಲ್ಲೇ ಬೆಳೆಸಿದರು. ನನ್ನ ರೋಗಿಗೆ ನವಾಹೋ ಬಂದದ್ದು ತಮ್ಮ ಅಜ್ಜಿಯ ಜೊತೆ ಕಳೆದ ಎಳವೆಯಲ್ಲಿ. ಪಾರ್ಶ್ವವಾಯು ಇಂಗ್ಲಿಷನ್ನು ಅಳಿಸಿ, ಮೊದಲು ಕಲಿತ ಆ ಭಾಷೆಯನ್ನು ಮಾತ್ರ ಉಳಿಸಿತ್ತು.

"ಎಷ್ಟೋ ವರ್ಷ ಆದ್ಮೇಲೆ ಸರ್ಕಾರದೋರು ನಮ್ಮ ಭಾಷೆಗೆ ಪದಕ ಕೊಟ್ಟರು. ಈಗ ಅಮ್ಮ ಏನು ಹೇಳ್ತಿದ್ದಾಳೆ ಅಂತ ತಿಳಿಯೋರು ಒಬ್ಬರೂ ಇಲ್ಲ," ಎಂದಳು ಮಗಳು.

ಕೇಂದ್ರದ ದುಭಾಷಿಗಳಲ್ಲಿ ನವಾಹೋ ಬಲ್ಲವರಿರಲಿಲ್ಲ. ಮಗಳು ಎಲ್ಲೆಲ್ಲೋ ವಿಚಾರಿಸಿ ಅರಿಜೋನಾದಲ್ಲಿದ್ದ ದೂರದ ದೊಡ್ಡಮ್ಮನನ್ನು ಹುಡುಕಿದಳು. ನಾನು ಫೋನನ್ನು ಸ್ಪೀಕರಿಗೆ ಹಾಕಿದೆ. ರೋಗಿ ಒಂದೇ ಉಸಿರಿಗೆ ಮಾತಾಡಿದರು. ಆ ಕಡೆಯಿಂದ ದೊಡ್ಡಮ್ಮ ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದರು: "ಕಾಲು ಉರೀತಿದೆಯಂತೆ. ಅದನ್ನ ಬಿಚ್ಚಿ ಅಂತಿದ್ದಾಳೆ."

ಹೊದಿಕೆ ಸರಿಸಿ, ಪಾದ ಜೋತುಬೀಳದಂತೆ ಬಲಗಾಲಿಗೆ ಬಿಗಿದಿದ್ದ ಬ್ರೇಸ್ ಬಿಚ್ಚಿದೆವು. ಹಿಮ್ಮಡಿಯ ಚರ್ಮ ಸುಲಿದು ಕೀವಾಗಿತ್ತು. ಹೊದಿಕೆ ಹೊದಿಸುತ್ತಿದ್ದ ನರ್ಸ್ ಗೋಡೆಯ ಕಡೆ ತಿರುಗಿ ನಿಂತಳು.

ಸಂಜೆ ಮೀರಾ ಮೆಸಾದ ನಮ್ಮ ಮನೆಯಲ್ಲಿ ಇದನ್ನು ಅಮ್ಮನಿಗೆ ಹೇಳಿದೆ. ಅಮ್ಮ ನಮ್ಮ ಜೊತೆಯಲ್ಲೇ ಇದ್ದರು. ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಮೆಂತ್ಯ ಸೊಪ್ಪು ಬಿಡಿಸುತ್ತಿದ್ದವರು ಕೈ ನಿಲ್ಲಿಸಿ, "ನಂಗೂ ಹಂಗೇ ಆದ್ರೆ?" ಎಂದರು. ನನ್ನ ಮಗಳಿಗೆ ಕನ್ನಡ ಅರ್ಥವಾಗುತ್ತದಲ್ಲ ಎಂದೆ. ಅಮ್ಮ ಅವಳನ್ನೇ ಕರೆದು ಕೇಳಿದರು:

"ಪುಟ್ಟಿ, ಕಾಲು ಉರಿ ಅಂದ್ರೇನು ಹೇಳು?"

ಅವಳು ಯೋಚಿಸಿ, "ಫೈರ್?" ಎಂದಳು. ಅಮ್ಮ ಮತ್ತೆ ಸೊಪ್ಪು ಬಿಡಿಸತೊಡಗಿದರು.

ಗಾಯ ಮಾಯಲು ತಿಂಗಳುಗಳೇ ಹಿಡಿದವು. ಅಷ್ಟರಲ್ಲಿ ರೋಗಿಗೆ ಇಂಗ್ಲಿಷ್ ಅಷ್ಟಿಷ್ಟು ಮರಳಿತು. ಕರೆದೊಯ್ಯಲು ಕಾರು ತಂದ ಮಗಳು, ಇನ್ನು ಮುಂದೆ ನನಗೂ ನವಾಹೋ ಕಲಿಸು ಎಂದು ತಾಯಿಯನ್ನು ಕೇಳಿಕೊಂಡಳು. ತಾಯಿ ಬಹಳ ಹೊತ್ತು ಪದಗಳಿಗಾಗಿ ತಡಕಾಡಿ ಇಂಗ್ಲಿಷಿನಲ್ಲೇ ಹೇಳಿದರು: "ಬೇಡ. ಸೋಪು... ನಿನಗೆ ತೊಂದರೆ."

ಮಗಳು ಬಗ್ಗಿ ಅವರ ಸೀಟ್ ಬೆಲ್ಟ್ ಹಾಕಿದಳು.